ಬರ್ಕ್ಲಿಯಲ್ಲಿ ಆಡಿದ ಹುಡುಗ ಇಂಡಿಯಾನಾದಲ್ಲಿ ಹೈಸ್‌ಮನ್ ಗೆದ್ದ: ಟೇಪ್‌ನಲ್ಲಿ ಏನು ನೋಡಬೇಕು?

ಫ್ರೀಮಾಂಟ್ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಬರ್ಕ್ಲಿಯಲ್ಲಿ ಓದುತ್ತಿದ್ದಾಳೆ. 2024ರ ಸೀಸನ್ನಿನಲ್ಲಿ ಅವಳ ಜೊತೆ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ನೋಡಲು ಮೆಮೋರಿಯಲ್ ಸ್ಟೇಡಿಯಂಗೆ ಹೋಗಲು ಶುರು ಮಾಡಿದೆ. ಆಟ ಹಿಡಿಸಿಬಿಟ್ಟಿದೆ. ಡೌನ್, ಬ್ಲಿಟ್ಜ್, ಪ್ಲೇ ಆ್ಯಕ್ಷನ್ ಇವೆಲ್ಲ ಈಗ ಗೊತ್ತು, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಪ್ರಶ್ನೆ ಫರ್ನಾಂಡೊ ಮೆಂಡೋಜಾ ಬಗ್ಗೆ. ಆ ವರ್ಷ ಅವನು ನಮ್ಮ ಕ್ಯಾಲ್ (ಬರ್ಕ್ಲಿ ಯೂನಿವರ್ಸಿಟಿ) ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಎಸೆದು ದಾಳಿ ನಡೆಸುವವನು. ತಂಡ 6 ಗೆದ್ದು 7 ಸೋತಿತು. ಅವನದು 16 ಟಚ್‌ಡೌನ್ ಪಾಸ್, 6 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್). ಚೆನ್ನಾಗಿ ಆಡುತ್ತಾನೆ ಅನ್ನಿಸಿತ್ತು, ಅದಕ್ಕಿಂತ ಜಾಸ್ತಿ ಏನೂ ಕಂಡಿರಲಿಲ್ಲ. ಸೀಸನ್ ಮುಗಿದ ಮೇಲೆ ಪೋರ್ಟಲ್‌ಗೆ (ಕಾಲೇಜ್ ಬದಲಾಯಿಸುವ ಆಟಗಾರರ ಪಟ್ಟಿ) ಹೋಗಿ ಇಂಡಿಯಾನಾ ಸೇರಿದ. ಕಾಲೇಜಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ 2025ರಲ್ಲಿ ಅವನಿಗೇ ಬಂತು. ಈ ಜನವರಿಯಲ್ಲಿ ಮಯಾಮಿ ತಂಡವನ್ನು 27-21ರಲ್ಲಿ ಸೋಲಿಸಿ ಇಂಡಿಯಾನಾ ಚಾಂಪಿಯನ್ ಆಯಿತು. ಇಡೀ ಸೀಸನ್ 16-0!

ಇಂಡಿಯಾನಾದ ಕೋಚ್‌ಗಳು ನೋಡಿದ್ದು ಕೂಡ ನಾನು ನೋಡಿದ ಪಂದ್ಯಗಳನ್ನೇ ಅಲ್ವಾ? ಅವರಿಗೆ ಕಂಡದ್ದು ಏನು? ಯೂಟ್ಯೂಬ್‌ನಲ್ಲಿ ಪೋರ್ಟಲ್ ಹುಡುಗರ ಹೈಲೈಟ್ ಹಾಕಿದರೆ ಎಲ್ಲರೂ ಒಂದೇ ಥರ ಮಹಾ ಆಟಗಾರರಾಗಿ ಕಾಣುತ್ತಾರೆ. ಮನೆಯಲ್ಲಿ ಕೂತು ನೋಡುವವರು ಟೇಪ್‌ನಲ್ಲಿ ಏನು ಹುಡುಕಬೇಕು? ತಿಳಿದವರು ಸ್ವಲ್ಪ ವಿವರವಾಗಿ ಹೇಳಿ.

ದಾವಣಗೆರೆ ಟೇಪ್ ರೂಮ್

ಅಕ್ಕಾ, ಇಂಥ ಪ್ರಶ್ನೆ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ. ಎಂ.ಎಸ್. ಮಾಡುವಾಗ ನಾನು ಮಿಡ್‌ವೆಸ್ಟ್‌ನ ಒಂದು ಯೂನಿವರ್ಸಿಟಿಯಲ್ಲಿ ಫುಟ್‌ಬಾಲ್ ತಂಡದ ವಿಡಿಯೊ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಪ್ರಾಕ್ಟೀಸನ್ನು ಲಿಫ್ಟ್ ಮೇಲೆ ನಿಂತು ಶೂಟ್ ಮಾಡುವುದು, ಆಮೇಲೆ ಪ್ರತಿ ಪ್ಲೇಗೂ ಡೌನ್ (ನಾಲ್ಕು ಪ್ರಯತ್ನಗಳಲ್ಲಿ ಎಷ್ಟನೆಯದು), ದೂರ, ಹ್ಯಾಶ್ (ಮೈದಾನದ ಯಾವ ಗುರುತಿನ ಹತ್ತಿರ ಚೆಂಡು ಇಟ್ಟಿದ್ದು), ಫಾರ್ಮೇಷನ್, ಕವರೇಜ್ ಎಂದು ಗುರುತು ಹಾಕುವುದು, ಇದೇ ಕೆಲಸ. ಕೋಚ್ ಬಂದು 'ಥರ್ಡ್ ಡೌನ್, ಏಳು ಯಾರ್ಡ್‌ಗಿಂತ ಜಾಸ್ತಿ, ಬ್ಲಿಟ್ಜ್ (ಡಿಫೆನ್ಸ್‌ನಿಂದ ಹೆಚ್ಚು ಜನ ನುಗ್ಗುವುದು) ಬಂದದ್ದು ಮಾತ್ರ ಕೊಡು' ಅಂದರೆ ಆ ತುಣುಕುಗಳೆಲ್ಲ ಸಾಲಾಗಿ ಸಿದ್ಧ ಇರಬೇಕು. ಅವರು ನೋಡುವಾಗ ಹಿಂದಿನ ಸಾಲಿನಲ್ಲಿ ಕೂತು ಕೇಳಿಸಿಕೊಂಡದ್ದೇ ನನ್ನ ಪಾಠ.

ಆ ಕೋಣೆಯಲ್ಲಿ ನಾನು ಕಲಿತ ದೊಡ್ಡ ವಿಷಯ ಇದು. ಬೇರೆ ಕಾಲೇಜಿನಿಂದ ಬರುವ ಕ್ವಾರ್ಟರ್‌ಬ್ಯಾಕ್ ತನ್ನ ಲೈನನ್ನು (ಮುಂದೆ ನಿಂತು ಅವನನ್ನು ಕಾಯುವವರು) ಕರೆದುಕೊಂಡು ಬರುವುದಿಲ್ಲ. ರಿಸೀವರ್‌ಗಳು (ಪಾಸ್ ಹಿಡಿಯುವವರು), ಕೋಚ್, ಪ್ಲೇಬುಕ್ ಎಲ್ಲ ಹಿಂದೆಯೇ ಉಳಿಯುತ್ತವೆ. ಹಾಗಾಗಿ ಒಂದೊಂದು ಪ್ಲೇ ನೋಡಿದಾಗಲೂ ಕೇಳಿಕೊಳ್ಳಬೇಕಾದ್ದು ಒಂದೇ: ಇದರಲ್ಲಿ ಅವನ ಜೊತೆ ಹೊಸ ಊರಿಗೆ ಹೋಗುವುದು ಯಾವುದು, ಹಳೇ ಊರಿನಲ್ಲೇ ಉಳಿಯುವುದು ಯಾವುದು? ಚೆಂಡು ಎಲ್ಲಿ ಹೋಗಿ ಬಿತ್ತು ಅನ್ನುವುದು ಇದಕ್ಕೆ ಉತ್ತರ ಕೊಡುವುದಿಲ್ಲ. ಅವನ ಕಾಲು ಕೊಡುತ್ತದೆ.

ಹೈಲೈಟ್ ನೋಡಿ ಕ್ವಾರ್ಟರ್‌ಬ್ಯಾಕ್‌ನನ್ನು ಅಳೆಯುವುದು ಮದುವೆ ಆಲ್ಬಮ್ ನೋಡಿ ಸಂಸಾರ ಅಳೆದ ಹಾಗೆ. ಅದನ್ನು ಬಿಟ್ಟುಬಿಡಿ. ಒಂದು ಪೂರ್ತಿ ಪಂದ್ಯ ತೆಗೆದುಕೊಳ್ಳಿ, ಅದೂ ಸೋತ ಪಂದ್ಯವಾದರೆ ಒಳ್ಳೆಯದು. ಧ್ವನಿ ನಿಲ್ಲಿಸಿ. ಕಾಮೆಂಟರಿಯವರು ಚೆಂಡಿನ ಹಿಂದೆ ಓಡುತ್ತಾರೆ, ನಿಮ್ಮ ಕಣ್ಣನ್ನೂ ಎಳೆದುಕೊಂಡು ಹೋಗುತ್ತಾರೆ.

ನಿಮಗೆ ಬೇಕಾದ ಪಂದ್ಯ 2024ರ ಅಕ್ಟೋಬರ್ 5ರದು. ಕ್ಯಾಲ್ ಮತ್ತು ಮಯಾಮಿ, ನಿಮ್ಮ ಮೆಮೋರಿಯಲ್ ಸ್ಟೇಡಿಯಂನಲ್ಲೇ. ಕಾಲೇಜ್ ಗೇಮ್‌ಡೇ ಟಿವಿ ಕಾರ್ಯಕ್ರಮ ಮೊದಲ ಸಲ ಬರ್ಕ್ಲಿಗೆ ಬಂದ ದಿನ. ಕ್ಯಾಲ್ 35-10 ಮುಂದಿತ್ತು, ಕೊನೆಗೆ 38-39ರಲ್ಲಿ ಸೋತಿತು. ಆ ರಾತ್ರಿ ಎಲ್ಲರ ಬಾಯಲ್ಲೂ ಮಯಾಮಿ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ವಾರ್ಡ್ ಹೆಸರು. ಅವನೂ ಪೋರ್ಟಲ್ ಹುಡುಗನೇ: ಇನ್‌ಕಾರ್ನೇಟ್ ವರ್ಡ್ ಎಂಬ ಸಣ್ಣ ಯೂನಿವರ್ಸಿಟಿ, ಅಲ್ಲಿಂದ ವಾಷಿಂಗ್ಟನ್ ಸ್ಟೇಟ್, ಆಮೇಲೆ ಮಯಾಮಿ. ಮುಂದಿನ ಏಪ್ರಿಲ್‌ನಲ್ಲಿ ಟೆನೆಸಿ ಟೈಟನ್ಸ್ ಅವನನ್ನು ಎನ್‌ಎಫ್‌ಎಲ್ (ವೃತ್ತಿಪರ ಲೀಗ್) ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆರಿಸಿತು. ವಾರ್ಡ್ ಆಟ ಕಣ್ಣಿಗೆ ಹಬ್ಬ, ನಿಜ. ಆದರೆ ಎರಡನೇ ಸಲ ನೋಡುವಾಗ ಮೆಂಡೋಜಾನನ್ನು ಮಾತ್ರ ನೋಡಿ.

ಸ್ನ್ಯಾಪ್‌ಗೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಪ್ಲೇ ಶುರುವಾಗುವ ಕ್ಷಣ) ಮುಂಚೆ ವಿಡಿಯೊ ನಿಲ್ಲಿಸಿ. ಟಿವಿ ಕ್ಯಾಮೆರಾ ಆಮೇಲೆ ಹತ್ತಿರಕ್ಕೆ ಹೋಗಿಬಿಡುತ್ತದೆ, ರಿಸೀವರ್‌ಗಳು ಚೌಕಟ್ಟಿನಿಂದ ಆಚೆ ಹೋಗುತ್ತಾರೆ. ಕೋಚ್‌ಗಳ ಹತ್ತಿರ ಇರುವ ಟೇಪ್‌ನಲ್ಲಿ 22 ಜನರೂ ಕೊನೆವರೆಗೂ ಕಾಣುತ್ತಾರೆ. ಒಂದು ಕ್ಯಾಮೆರಾ ಪಕ್ಕದಲ್ಲಿ ಎತ್ತರದಿಂದ, ಇನ್ನೊಂದು ಎಂಡ್ ಝೋನ್ (ಟಚ್‌ಡೌನ್ ಆಗುವ ಮೈದಾನದ ತುದಿ) ಹಿಂದಿನಿಂದ. ನಮಗೆ ಅದು ಸಿಗುವುದಿಲ್ಲ. ಆದರೂ ಹಿಂದೆ ನಿಂತ ಸೇಫ್ಟಿ (ಡಿಫೆನ್ಸ್‌ನ ಕೊನೆಯ ಕಾವಲುಗಾರ) ಒಬ್ಬನಾ ಇಬ್ಬರಾ ಎಂದು ಸ್ನ್ಯಾಪ್‌ಗೆ ಮುಂಚೆ ಎಷ್ಟೋ ಸಲ ಎಣಿಸಬಹುದು. ಸ್ನ್ಯಾಪ್ ಆದ ತಕ್ಷಣ ಅವರು ಜಾಗ ಬದಲಾಯಿಸಿದರಾ? ಹುಡುಗ ಅದನ್ನು ನೋಡಿ ಮನಸ್ಸು ಬದಲಾಯಿಸಿದನಾ, ಇಲ್ಲಾ ಮೊದಲೇ ತೀರ್ಮಾನ ಮಾಡಿದ ಕಡೆಗೇ ಎಸೆದನಾ?

ಇಲ್ಲಿ ಕಾಲಿನ ವಿಷಯ ಬರುತ್ತದೆ. ಮೊದಲ ರಿಸೀವರ್ ಖಾಲಿ ಇಲ್ಲ ಎಂದು ಗೊತ್ತಾದಾಗ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಒಂದು ಪುಟ್ಟ ಹೆಜ್ಜೆ ಹಾಕಿ ಸೊಂಟವನ್ನು ಎರಡನೆಯವನ ಕಡೆ ತಿರುಗಿಸುತ್ತಾನೆ. ಮತ್ತೊಂದು ಹೆಜ್ಜೆ, ಮೂರನೆಯವನು. ಕಣ್ಣು, ಕಾಲು ಒಟ್ಟಿಗೆ ಹೋಗುತ್ತವೆ. ಕಾಲು ಒಂದೇ ಕಡೆ ಅಂಟಿಕೊಂಡು ತಲೆ ಮಾತ್ರ ತಿರುಗಿದರೆ ಅವನು ನೋಡುತ್ತಿದ್ದಾನೆ, ಎಸೆಯಲು ತಯಾರಿಲ್ಲ. ರಿಪ್ಲೇನಲ್ಲಿ ಹಿಂದಿನ ಕ್ಯಾಮೆರಾ ಹಾಕಿದಾಗ ಇದು ಸ್ಪಷ್ಟವಾಗಿ ಕಾಣುತ್ತದೆ.

ಇನ್ನೊಂದು, ಚೆಂಡು ಕೈ ಬಿಡುವ ಕ್ಷಣದಲ್ಲಿ ಟೇಪ್ ನಿಲ್ಲಿಸಿ. ರಿಸೀವರ್ ತಿರುಗಿದ್ದಾನಾ? ಇನ್ನೂ ಬೆನ್ನು ಹಾಕಿ ಓಡುತ್ತಿದ್ದಾಗಲೇ ಚೆಂಡು ಹೊರಟಿದ್ದರೆ ರಿಸೀವರ್ ಎಲ್ಲಿಗೆ ಬರುತ್ತಾನೆ ಎಂದು ಆ ಹುಡುಗ ಮೊದಲೇ ಅಂದಾಜು ಮಾಡಿ, ಸರಿಯಾದ ಹೊತ್ತಿಗೆ ಎಸೆಯುತ್ತಾನೆ ಎಂದು ಅರ್ಥ. ಇದು ಯಾವ ಊರಿಗೆ ಹೋದರೂ ಜೊತೆಗೆ ಬರುತ್ತದೆ. ರಿಸೀವರ್ ಪೂರ್ತಿ ಬಿಡುವಾದ ಮೇಲೆಯೇ ಎಸೆಯುವವನು ಕಾಲೇಜಿನಲ್ಲಿ ದುರ್ಬಲ ತಂಡಗಳ ಮೇಲೆ ರಾಶಿ ರಾಶಿ ಯಾರ್ಡ್ ಮಾಡಬಹುದು. ದೊಡ್ಡ ಪಂದ್ಯದಲ್ಲಿ ಆ ಬಾಗಿಲು ಅಷ್ಟು ಹೊತ್ತು ತೆರೆದಿರುವುದಿಲ್ಲ.

ಮೆಂಡೋಜಾ ಆ ವರ್ಷ ಸುಮಾರು 40 ಸಲ ಸ್ಯಾಕ್ ಆದ, ಅಂದರೆ ಎಸೆಯುವ ಮುಂಚೆಯೇ ಅವನನ್ನು ಕೆಡವಿದರು. ಅಂಕಿ ಪಟ್ಟಿ ನೋಡಿದವರು ಅಲ್ಲೇ ನಿಂತುಬಿಡುತ್ತಾರೆ. ಟೇಪ್ ನೋಡುವವರು ಅಲ್ಲಿಂದಲೇ ಶುರು ಮಾಡುತ್ತಾರೆ. ಪ್ರತಿ ಸ್ಯಾಕ್‌ನಲ್ಲೂ ಮನಸ್ಸಿನಲ್ಲೇ ಎಣಿಸಿ. ಎರಡು ಸೆಕೆಂಡ್ ಆಗುವ ಮುಂಚೆಯೇ ಒಬ್ಬ ಎದೆ ಮೇಲೆ ಬಿದ್ದಿದ್ದರೆ ಅದು ಲೈನ್‌ನ ಲೆಕ್ಕ. ಮೂರು ದಾಟಿ, ಮೂರೂವರೆ ಆದರೂ ಚೆಂಡು ಕೈಯಲ್ಲೇ ಇದ್ದರೆ ಅದು ಅವನ ಲೆಕ್ಕ. ಮೆಂಡೋಜಾನದರಲ್ಲಿ ಎರಡೂ ಇದ್ದವು. ಕೆಲವು ಕಡೆ ಅವನು ಚೆಂಡು ಹಿಡಿದು ಕಾದದ್ದು ಜಾಸ್ತಿ ಆಯಿತು. ಆದರೆ ನನ್ನ ಗಮನ ಹೋದದ್ದು ಸ್ಯಾಕ್ ಆದ ಮುಂದಿನ ಪ್ಲೇಗೆ. ಏಟು ತಿಂದವನ ಕಾಲು ಮುಂದಿನ ಸಲ ಬೇಗ ಬೇಗ ಕುಣಿಯಲು ಶುರುವಾದರೆ, ಕಣ್ಣು ರಿಸೀವರ್ ಬಿಟ್ಟು ಬರುವವನ ಮೇಲೆ ಇಳಿದರೆ, ಭಯ ಒಳಗೆ ಹೋಗಿದೆ ಎಂದು ಲೆಕ್ಕ. ಮೆಂಡೋಜಾ 6 ಅಡಿ 5 ಇಂಚು. ಹೊಡೆತ ಬರುತ್ತದೆ ಎಂದು ಗೊತ್ತಿದ್ದೂ ನೆಟ್ಟಗೆ ನಿಂತು ಎಸೆಯುತ್ತಿದ್ದ. ಲೈನ್ ಕೈಕೊಟ್ಟ ವರ್ಷದಲ್ಲಿ ಹುಡುಗನ ಅಭ್ಯಾಸ ಕೆಡಲಿಲ್ಲ ಎನ್ನುವುದು ನನಗೆ 16 ಟಚ್‌ಡೌನ್‌ಗಿಂತ ದೊಡ್ಡ ವಿಷಯ.

ಇನ್ನು ಅದೇ ನವೆಂಬರ್‌ನ ಸ್ಟ್ಯಾನ್‌ಫರ್ಡ್ ಪಂದ್ಯ. ಕ್ಯಾಲ್ ಹಿಂದಿತ್ತು. ಕೊನೆಯ ನಿಮಿಷಗಳಲ್ಲಿ ತಮ್ಮ 2 ಯಾರ್ಡ್ ಗೆರೆಯಿಂದ ಶುರು ಮಾಡಿ 98 ಯಾರ್ಡ್ ನಡೆದು 24-21ರಲ್ಲಿ ಗೆದ್ದರು. ಸ್ವಂತ ಎಂಡ್ ಝೋನ್ ಒಳಗೆ ನಿಂತು ಎಸೆಯುವಾಗ ಕ್ವಾರ್ಟರ್‌ಬ್ಯಾಕ್‌ನ ಅಸಲು ಗುಣ ಹೊರಗೆ ಬರುತ್ತದೆ. ಹಿಂದೆ ಸರಿಯಲು ಜಾಗವೇ ಇಲ್ಲ. ಒಂದು ವರ್ಷದ ನಂತರ ಪೆನ್ ಸ್ಟೇಟ್ ಮೈದಾನದಲ್ಲಿ ಇಂಡಿಯಾನಾ 20-24 ಹಿಂದಿದ್ದಾಗ, ಎರಡು ನಿಮಿಷಕ್ಕಿಂತ ಕಡಿಮೆ ಇದ್ದಾಗ, ಎಂಡ್ ಝೋನ್‌ನ ಹಿಂದಿನ ಗೆರೆ ಹತ್ತಿರ ಒಮರ್ ಕೂಪರ್‌ಗೆ ಎಸೆದು ಗೆಲ್ಲಿಸಿದನಲ್ಲ, ಆ ಡ್ರೈವನ್ನೂ ಇದನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಬಟ್ಟೆ ಬಣ್ಣ ಬದಲಾಗಿದೆ, ಹುಡುಗ ಅವನೇ.

ಒಂದು ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ತೋಳಿನ ಬಲದ ಬಗ್ಗೆ ಸುಮ್ನೆ ಮಾತಾಡುವವರು ತುಂಬಾ ಜನ. ಕಾಲೇಜ್ ಮೈದಾನದಲ್ಲಿ ಎರಡು ಹ್ಯಾಶ್ ಗುರುತುಗಳ ನಡುವೆ 40 ಅಡಿ. ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು ಮಾತ್ರ. ಮೈದಾನದ ಅಗಲ 160 ಅಡಿ. ಅಂದರೆ ಕಾಲೇಜಿನಲ್ಲಿ ಚೆಂಡು ಎಡ ಹ್ಯಾಶ್ ಮೇಲಿದ್ದರೆ ಬಲ ಅಂಚು 100 ಅಡಿ ದೂರ. ಅಲ್ಲಿಂದ ಬಲ ಅಂಚಿನ ಕಡೆಗೆ 15 ಯಾರ್ಡ್‌ನ ಔಟ್ ರೂಟ್ (ರಿಸೀವರ್ ಅಂಚಿನ ಕಡೆ ತಿರುಗಿ ಓಡುವ ದಾರಿ) ಎಸೆದರೆ, ಅವನು ಹಿಂದೆ ನಿಂತ ಜಾಗ ಸೇರಿಸಿ, ಚೆಂಡು ಗಾಳಿಯಲ್ಲಿ 35 ಯಾರ್ಡ್‌ಗಿಂತ ಜಾಸ್ತಿ ಹೋಗಬೇಕು. ಪಟ್ಟಿಯಲ್ಲಿ ಬರುವುದು '15 ಯಾರ್ಡ್ ಪಾಸ್' ಅಷ್ಟೇ. ತೋಳು ನೋಡಬೇಕೆಂದರೆ ಈ ಎಸೆತ ಹುಡುಕಿ. 60 ಯಾರ್ಡ್ ಮೇಲಕ್ಕೆ ಎತ್ತಿ ಎಸೆದದ್ದು ನೋಡಲು ಚಂದ, ಅದರಿಂದ ಇಷ್ಟು ತಿಳಿಯುವುದಿಲ್ಲ.

ಕಳೆಯಬೇಕಾದ್ದನ್ನೂ ಕಳೆಯಿರಿ. ಸ್ಕ್ರೀನ್ ಪಾಸ್‌ಗಳನ್ನು (ಮುಂದೆ ಬ್ಲಾಕ್ ಮಾಡುವವರನ್ನು ನಿಲ್ಲಿಸಿ ಹತ್ತಿರಕ್ಕೇ ಎಸೆಯುವುದು) ಬದಿಗಿಡಿ. ಆರ್‌ಪಿಒ (ಓಡುವುದೋ ಎಸೆಯುವುದೋ ಎಂದು ಪ್ಲೇ ನಡುವೆಯೇ ತೀರ್ಮಾನಿಸುವುದು) ಪಾಸ್‌ಗಳನ್ನೂ ಬೇರೆ ಇಡಿ. ಕಾಲೇಜಿನಲ್ಲಿ ಪಾಸ್ ಹೋಗುವ ಮುಂಚೆ ಲೈನ್‌ಮನ್‌ಗಳು 3 ಯಾರ್ಡ್ ಮುಂದೆ ಹೋಗಬಹುದು, ಹಾಗಾಗಿ ಲೈನ್‌ಬ್ಯಾಕರ್‌ಗಳು (ಡಿಫೆನ್ಸ್‌ನ ನಡುಸಾಲಿನವರು) ಅದನ್ನು ಓಟ ಎಂದೇ ನಂಬುತ್ತಾರೆ. ಅವರ ಹಿಂದೆ ಜಾಗ ತಾನಾಗಿ ಬಿಟ್ಟುಕೊಳ್ಳುತ್ತದೆ. ಅದು ಪ್ಲೇ ಬರೆದವರ ಜಾಣತನ. ಹಾಗೆಯೇ ಅವನು ಓಡಿದ ಯಾರ್ಡ್ ಕಡಿಮೆ ಕಂಡರೆ ಗಾಬರಿ ಬೇಡ. ಕಾಲೇಜ್ ಲೆಕ್ಕದಲ್ಲಿ ಸ್ಯಾಕ್‌ನಲ್ಲಿ ಕಳೆದುಕೊಂಡ ಯಾರ್ಡ್ ಕ್ವಾರ್ಟರ್‌ಬ್ಯಾಕ್‌ನ ಓಟದಿಂದ ಕಳೆಯುತ್ತಾರೆ. 40 ಸ್ಯಾಕ್ ಆದವನ ಓಟದ ಲೆಕ್ಕ ಚೆನ್ನಾಗಿ ಕಾಣುವುದಾದರೂ ಹೇಗೆ?

ಸಿನ್ಸಿನಾಟಿ ಮಂಡ್ಯ

ಒಳ್ಳೆ ಬರಹ ತಮ್ಮಾ. ಆದರೆ ಒಂದು ಕಡೆ ಒಪ್ಪಲಾರೆ. ಜೊತೆಗೆ ಹೋಗುವುದು, ಉಳಿಯುವುದು ಎಂದು ಅಷ್ಟು ಖಡಾಖಂಡಿತವಾಗಿ ಗೆರೆ ಎಳೆಯಲು ಬರುತ್ತದಾ?

ನಮ್ಮೂರಿನ ಬೆಂಗಾಲ್ಸ್ ಕ್ವಾರ್ಟರ್‌ಬ್ಯಾಕ್ ಜೋ ಬರೋನನ್ನೇ ನೋಡಿ. ಒಹಾಯೊ ಸ್ಟೇಟ್‌ನಲ್ಲಿ ಜಾಗ ಸಿಗದೆ 2018ರಲ್ಲಿ ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್) ಹೋದ. ಮೊದಲ ವರ್ಷ ನೂರಕ್ಕೆ 57.8 ಪಾಸ್ ಮುಟ್ಟಿದವು, 16 ಟಚ್‌ಡೌನ್. ಎರಡನೇ ವರ್ಷ ನೂರಕ್ಕೆ 76.3, ಟಚ್‌ಡೌನ್ 60, ಹೈಸ್‌ಮನ್, ಚಾಂಪಿಯನ್‌ಶಿಪ್. ಗುರಿ ಅನ್ನುವುದು ಹುಟ್ಟುಗುಣ ಎಂದು ಎಲ್ಲರೂ ಹೇಳುತ್ತಾರೆ. ಒಂದೇ ವರ್ಷದಲ್ಲಿ ಅದು ಇಷ್ಟು ಬದಲಾಗಿದ್ದು ಹೇಗೆ? 2018ರ ಟೇಪ್ ನೋಡಿ 2019 ಬರುತ್ತದೆ ಎಂದು ಹೇಳಿದವರನ್ನು ನಾನಂತೂ ಕಂಡಿಲ್ಲ. ನನ್ನ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಕೋಚಿಂಗ್.

ಸಿಯಾಟಲ್ ಶಿವಮೊಗ್ಗ

ಹಸ್ಕೀಸ್ (ವಾಷಿಂಗ್ಟನ್ ಯೂನಿವರ್ಸಿಟಿ ತಂಡ) ಕಡೆಯಿಂದ ಒಂದು ಮಾತು. ನಮ್ಮ ಕ್ವಾರ್ಟರ್‌ಬ್ಯಾಕ್ ಆಗಿದ್ದ ಮೈಕಲ್ ಪೆನಿಕ್ಸ್ 2021ರಲ್ಲಿ ಇಂಡಿಯಾನಾದಲ್ಲಿ ಐದು ಪಂದ್ಯ ಆಡಿ 4 ಟಚ್‌ಡೌನ್, 7 ಇಂಟರ್‌ಸೆಪ್ಷನ್ ಮಾಡಿದ್ದ. ಆಮೇಲೆ ಭುಜಕ್ಕೆ ಪೆಟ್ಟು. ಅದಕ್ಕೂ ಮುಂಚೆ ಒಂದೇ ಮೊಣಕಾಲಿನ ಎಸಿಎಲ್ (ಮೊಣಕಾಲನ್ನು ಹಿಡಿದಿಡುವ ಅಸ್ಥಿರಜ್ಜು) ಎರಡು ಸಲ ಹರಿದಿತ್ತು. ಇಲ್ಲಿಗೆ ಬಂದ 2022ರಲ್ಲಿ 4,641 ಯಾರ್ಡ್. ಮುಂದಿನ ವರ್ಷ ನಮ್ಮನ್ನು ಫೈನಲ್‌ವರೆಗೆ ಕರೆದುಕೊಂಡು ಹೋದ.

ಅವನನ್ನು ಕರೆಸಿಕೊಂಡ ಕೋಚ್ ಕೇಲನ್ ಡಿಬೋರ್ 2019ರಲ್ಲಿ ಇಂಡಿಯಾನಾದಲ್ಲೇ ಅಫೆನ್ಸ್ ನೋಡಿಕೊಳ್ಳುತ್ತಿದ್ದವರು. ಹುಡುಗ ಮೀಟಿಂಗ್‌ನಲ್ಲಿ ಹೇಗೆ, ಪೆಟ್ಟು ಬಿದ್ದಾಗ ಹೇಗೆ, ಎಲ್ಲ ಅವರಿಗೆ ಗೊತ್ತಿತ್ತು. ಬರೀ 2021ರ ಟೇಪ್ ನೋಡಿದ್ದರೆ ಇಷ್ಟು ಧೈರ್ಯ ಯಾರಿಗೂ ಬರುತ್ತಿರಲಿಲ್ಲ ಅನ್ನಿಸುತ್ತದೆ. ಆಬರ್ನ್‌ನಿಂದ ಆರೆಗನ್‌ಗೆ ಹೋದ ಕ್ವಾರ್ಟರ್‌ಬ್ಯಾಕ್ ಬೋ ನಿಕ್ಸ್ ಕತೆಯೂ ಅದೇ ಅಲ್ವಾ? ಆಬರ್ನ್‌ನಲ್ಲಿ ಅವನ ಮೊದಲ ವರ್ಷ ಅಫೆನ್ಸ್ ಕೋಚ್ ಆಗಿದ್ದವರೇ 2022ರಲ್ಲಿ ಆರೆಗನ್‌ನಲ್ಲಿ ಇದ್ದರು.

ಫ್ರೀಮಾಂಟ್ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮಯಾಮಿ ಪಂದ್ಯ ಮತ್ತೆ ಹಾಕಿದೆ. ಚೆಂಡು ಕೈ ಬಿಡುವಾಗ ನಿಲ್ಲಿಸಿ ನೋಡಿದರೆ ನಿಜವಾಗಲೂ ಕೆಲವು ಸಲ ರಿಸೀವರ್ ಇನ್ನೂ ತಿರುಗಿಯೇ ಇರಲಿಲ್ಲ! ಸ್ಟೇಡಿಯಂನಲ್ಲಿ ಇದು ಕಾಣುವುದೇ ಇಲ್ಲ.

ಎರಡು ಪ್ರಶ್ನೆ. ಬರೋ ವಿಷಯದಲ್ಲಿ ಸಿನ್ಸಿನಾಟಿಯವರು ಹೇಳಿದ್ದಕ್ಕೆ ನಿಮ್ಮ ಉತ್ತರ ಏನು? ಮತ್ತೆ, ಟೇಪ್ ಚೆನ್ನಾಗಿದ್ದೂ ಹೊಸ ಊರಿನಲ್ಲಿ ಸೋತವರು ಇರಬೇಕಲ್ಲ, ಅವರಲ್ಲಿ ಏನು ಕಾಣಬೇಕಿತ್ತು?

ದಾವಣಗೆರೆ ಟೇಪ್ ರೂಮ್

ಮಂಡ್ಯ ಅಣ್ಣ, ಬರೋ ಬಗ್ಗೆ ಮಾತು ತೆಗೆದಿದ್ದು ಒಳ್ಳೆಯದಾಯಿತು. 57.8 ಎನ್ನುವುದು ಅವನ ಗುರಿಯ ಅಳತೆಯಲ್ಲ ಎಂದು ನನ್ನ ವಾದ. 2018ರ ಎಲ್‌ಎಸ್‌ಯು ಟೇಪ್ ಹಾಕಿ. ಬ್ಲಾಕ್ ಮಾಡಲು ಜಾಸ್ತಿ ಜನರನ್ನು ಒಳಗೆ ಉಳಿಸಿಕೊಳ್ಳುತ್ತಿದ್ದರು. ಓಡುವ ರಿಸೀವರ್‌ಗಳು ಕಡಿಮೆ, ಎಸೆತಗಳು ದೂರ, ಅದೂ ಗೆರೆಯ ಪಕ್ಕ. ಮುಂದಿನ ವರ್ಷ ನ್ಯೂ ಓರ್ಲಿಯನ್ಸ್ ಸೇಂಟ್ಸ್‌ನಿಂದ ಜೋ ಬ್ರೇಡಿ ಬಂದು ಐದು ಜನರನ್ನು ರೂಟ್‌ಗೆ ಬಿಟ್ಟರು. ಹುಡುಗನ ಮುಂದೆ ಆಯ್ಕೆಗಳು ಹೆಚ್ಚಾದವು. ರಿಸೀವರ್‌ಗಳಾದ ಜಮಾರ್ ಚೇಸ್, ಜಸ್ಟಿನ್ ಜೆಫರ್ಸನ್ ಬಲಿತರು. ಅಷ್ಟರಮಟ್ಟಿಗೆ ಕೋಚಿಂಗ್ ಅನ್ನುವ ನಿಮ್ಮ ಮಾತು ಸರಿ.

ಆದರೆ ಆ ಸಿಸ್ಟಮ್ ಯಾರ ಕೈಗೆ ಕೊಟ್ಟಿದ್ದರೂ 60 ಟಚ್‌ಡೌನ್ ಬರುತ್ತಿತ್ತಾ? 2019ರ ಜನವರಿ 1ರ ಫಿಯೆಸ್ಟಾ ಬೌಲ್ ನೋಡಿ, ಯುಸಿಎಫ್ (ಸೆಂಟ್ರಲ್ ಫ್ಲೋರಿಡಾ) ಮೇಲೆ. ಶುರುವಿನಲ್ಲೇ ಇಂಟರ್‌ಸೆಪ್ಷನ್, ಅದು ಎದುರಾಳಿಗೆ ಟಚ್‌ಡೌನ್ ಆಯಿತು. ಆ ಓಟದಲ್ಲೇ ಬರೋಗೆ ಒಬ್ಬ ದೊಡ್ಡ ಲೈನ್‌ಮನ್ ಕಣ್ಣು ಕತ್ತಲೆ ಬರುವಂಥ ಹೊಡೆತ ಕೊಟ್ಟ. ಎದ್ದು ಬಂದವನು 394 ಯಾರ್ಡ್, 4 ಟಚ್‌ಡೌನ್ ಮಾಡಿ 40-32ರಲ್ಲಿ ಗೆಲ್ಲಿಸಿದ. ಆ ಪಂದ್ಯದಲ್ಲಿ ಅವನು ಪಾಕೆಟ್ (ಲೈನ್ ಕಾಯುವ ಜಾಗ) ಒಳಗೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು, ಕಣ್ಣು ಮೇಲೆಯೇ ಇಟ್ಟುಕೊಂಡು ಎಸೆಯುವುದನ್ನು ನೋಡಿ. ಬ್ರೇಡಿ ಇನ್ನೂ ಬಂದೇ ಇರಲಿಲ್ಲ. ಹುಡುಗ ತಯಾರಿದ್ದ, ಪ್ಲೇಬುಕ್ ತಡವಾಗಿ ಬಂತು.

ಅಕ್ಕಾ, ನಿಮ್ಮ ಎರಡನೇ ಪ್ರಶ್ನೆಗೆ ಕ್ವಾರ್ಟರ್‌ಬ್ಯಾಕ್ ಡಿಜೆ ಉಯಂಗಲೆಲೆ ಹೆಸರು ಹೇಳುತ್ತೇನೆ. ಕ್ಲೆಮ್ಸನ್‌ನಿಂದ ಆರೆಗನ್ ಸ್ಟೇಟ್, ಅಲ್ಲಿಂದ 2024ರಲ್ಲಿ ಫ್ಲೋರಿಡಾ ಸ್ಟೇಟ್. ತೋಳು, ಮೈಕಟ್ಟು ನೋಡಿದರೆ ಕ್ವಾರ್ಟರ್‌ಬ್ಯಾಕ್ ಹೀಗಿರಬೇಕು ಅನ್ನಿಸುತ್ತದೆ. 2023ರಲ್ಲಿ ಆರೆಗನ್ ಸ್ಟೇಟ್‌ನಲ್ಲಿ 21 ಟಚ್‌ಡೌನ್. ಆದರೆ ಮುಟ್ಟಿದ ಪಾಸ್ 2021ರಲ್ಲಿ ನೂರಕ್ಕೆ 55.6, ಎರಡು ವರ್ಷ ಬಿಟ್ಟು, ಬೇರೆ ಊರಿನಲ್ಲಿ, ಬೇರೆ ಕೋಚ್ ಕೈಯಲ್ಲಿ 57.1. ಬರೋಗೂ ಇವನಿಗೂ ಸಂಖ್ಯೆ ಹತ್ತಿರ ಹತ್ತಿರ. ಅದಕ್ಕೇ ಸಂಖ್ಯೆಗೆ ನಿಲ್ಲಬಾರದು ಎನ್ನುವುದು. ನೋಡಬೇಕಾದ್ದು ಸುಲಭದ ಪಾಸ್‌ಗಳನ್ನು. ರಿಸೀವರ್ ಬಿಡುವಾಗಿದ್ದಾನೆ, ಮೈಮೇಲೆ ಯಾರೂ ಬಂದಿಲ್ಲ, ಹತ್ತು ಯಾರ್ಡ್. ಚೆಂಡು ಎದೆಗೆ ಬಂತಾ, ಮೊಣಕಾಲಿಗೆ ಬಂತಾ, ಬೆನ್ನ ಹಿಂದೆ ಹೋಯಿತಾ? ಹಿಡಿದರೆ ಅದೂ ಒಂದು ಪೂರ್ಣ ಪಾಸ್ ಎಂದೇ ಬರೆಯುತ್ತಾರೆ. ಆದರೆ ರಿಸೀವರ್ ನಿಂತು, ಬಗ್ಗಿ ಹಿಡಿದರೆ ಮುಂದಿನ ಎಂಟು ಯಾರ್ಡ್ ಅಲ್ಲೇ ಸತ್ತುಹೋಯಿತು. ಸುಲಭದ ಎಸೆತ ಮೂರು ವರ್ಷ, ಎರಡು ಊರು ದಾಟಿಯೂ ಸರಿಹೋಗದಿದ್ದರೆ ಮೂರನೇ ಊರಿನಲ್ಲಿ ಸರಿಹೋಗುತ್ತದೆ ಎಂದು ನಾನು ನಂಬುವುದಿಲ್ಲ. 2023ರಲ್ಲಿ ಲೀಗ್ ಪಂದ್ಯಗಳಲ್ಲಿ ಒಂದೂ ಸೋಲದ ಫ್ಲೋರಿಡಾ ಸ್ಟೇಟ್ 2024ರಲ್ಲಿ 2 ಗೆದ್ದು 10 ಸೋತಿತು. ಎಲ್ಲ ತಪ್ಪೂ ಆ ಹುಡುಗನದಲ್ಲ, ಅರ್ಧದಲ್ಲೇ ಕೈಗೆ ಪೆಟ್ಟಾಗಿ ಹೊರಗೆ ಕೂತ. ಸುತ್ತಲಿನ ತಂಡವೂ ಕುಸಿದಿತ್ತು.

ಶಿವಮೊಗ್ಗದವರು ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ಮೊಣಕಾಲಿನ ಒಳಗೆ ಏನಿದೆ ಎಂದು ಟೇಪ್ ಹೇಳುವುದಿಲ್ಲ. ಪ್ರೊಟೆಕ್ಷನ್ (ಯಾರು ಯಾರನ್ನು ತಡೆಯಬೇಕು ಎನ್ನುವುದು) ಬದಲಾಯಿಸಿದ್ದು ಕ್ವಾರ್ಟರ್‌ಬ್ಯಾಕ್ ತಾನಾ, ಲೈನ್‌ನ ನಡುವಿನ ಸೆಂಟರ್ ತಾನಾ ಎನ್ನುವುದೂ ಹೊರಗಿನವರಿಗೆ ಸಿಗುವುದು ಕಷ್ಟ. 2024ರಿಂದ ಕಾಲೇಜಿನಲ್ಲೂ ಹೆಲ್ಮೆಟ್ ಒಳಗೆ ರೇಡಿಯೊ ಬಂದಿದೆ, ಪ್ಲೇ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅದು ಬಂದ್ ಆಗುತ್ತದೆ. ಹಾಗಾಗಿ ಆ 15 ಸೆಕೆಂಡ್‌ನಲ್ಲಿ ಹುಡುಗ ಏನು ಮಾಡುತ್ತಾನೆ ಎಂದು ನೋಡುವುದು ನನಗೆ ಇಷ್ಟ. ಕೈ ತೋರಿಸುತ್ತಾನಾ, ರನ್ನಿಂಗ್ ಬ್ಯಾಕ್‌ನನ್ನು ಆ ಕಡೆಯಿಂದ ಈ ಕಡೆಗೆ ಕಳಿಸುತ್ತಾನಾ, ಇಲ್ಲಾ ಸೈಡ್‌ಲೈನ್ ಕಡೆ ತಿರುಗಿ ಕೋಚ್ ಮುಖ ನೋಡುತ್ತಾನಾ. ಇಷ್ಟಾದರೂ ಹಳೇ ಕೋಚ್‌ಗೆ ಫೋನ್ ಮಾಡದೆ ಯಾರೂ ಸಹಿ ಹಾಕುವುದಿಲ್ಲ.

ಕೊನೆಗೆ, ಇದನ್ನೆಲ್ಲ ಮಾಡಲು ಕೋಚ್‌ಗಳಿಗೆ ಸಿಗುವ ಸಮಯ ತುಂಬಾ ಕಡಿಮೆ. ಈ ಸಲ ಪೋರ್ಟಲ್ ತೆರೆದಿದ್ದು ಜನವರಿ 2ರಿಂದ 16ರವರೆಗೆ ಮಾತ್ರ, ಏಪ್ರಿಲ್‌ನದನ್ನು ತೆಗೆದುಹಾಕಿದ್ದಾರೆ. ಪೋರ್ಟಲ್‌ಗೆ ಹೆಸರು ಬರುವ ಮುಂಚೆ ಹುಡುಗನ ಜೊತೆ ಮಾತಾಡುವಂತಿಲ್ಲ, ಆದರೆ ಟೇಪ್ ನೋಡಬಾರದು ಎಂದು ನಿಯಮ ಇಲ್ಲ. ನೀವೂ ಹಾಗೇ ಮಾಡಿ. ಈ ಅಕ್ಟೋಬರ್‌ನಲ್ಲಿ, ಸೋಲುತ್ತಿರುವ ಯಾವುದಾದರೂ ತಂಡದ ಕ್ವಾರ್ಟರ್‌ಬ್ಯಾಕ್ ಒಬ್ಬನನ್ನು ಆರಿಸಿಕೊಳ್ಳಿ. ಅವನ ಮೂರು ಪಂದ್ಯದ ಥರ್ಡ್ ಡೌನ್‌ಗಳನ್ನಷ್ಟೇ ನೋಡಿ, ಏನು ಕಂಡಿತು ಎಂದು ಇಲ್ಲಿ ಬರೆಯಿರಿ. ನಾನೂ ಅದೇ ಪಂದ್ಯಗಳನ್ನು ನೋಡಿ ಉತ್ತರ ಬರೆಯುತ್ತೇನೆ.